ಸವತಿ ಹುಳಗಳು

೧೯೯೬ರಲ್ಲಿ, ಏಳನೇ ತರಗತಿಗೆ, ಓದು ನಿಲ್ಲಿಸಿದವನು ನಾನು. ಆದರೆ ಕೊಳಾಲದ ಸುತ್ತ ಹಿಪ್ಪುನೇರಳೆ ಸೊಪ್ಪನ್ನು ನನಗಿಂತ ಚೆನ್ನಾಗಿ ಬೆಳೆಯುವವರನ್ನು ತೋರಿಸಿ ಅಂತ ಈಗಲೂ ಕೇಳುತ್ತೇನೆ. ಇವತ್ತು ಬೆಳಿಗ್ಗೆ ರೇಷ್ಮೆಹುಳದ ಮನೆ ತೊಳೆಯಲು ಬ್ಲೀಚಿಂಗ್ ಪುಡಿ ಕದಡಿದೆ. ಆ ವಾಸನೆಗೆ ಪಕ್ಕದ ತೋಟದ ಅಕ್ಕ ಕಣ್ಣ ಮುಂದೆ ಬಂದಳು. ಆಮೇಲೆ ಕೈಗೆ ಕೆಲಸವೇ ಹತ್ತಲಿಲ್ಲ...

೨೦೧೦ರ ಸುಮಾರಿಗೆ ನಮ್ಮ ಸೊಪ್ಪಿಗೆಲ್ಲ ಹಿಟ್ಟು ತಿಗಣೆ ಬಿದ್ದಿತ್ತು, ಯಾರೋ ಹಿಟ್ಟು ಚೆಲ್ಲಿದ ಹಾಗೆ. ಅದರ ಹೊಟ್ಟೆಯೊಳಗೇ ಮೊಟ್ಟೆಯಿಟ್ಟು ಕೊಲ್ಲುವ ಸಣ್ಣ ಕಣಜದ ಹುಳಗಳನ್ನು ರೇಷ್ಮೆ ಕಚೇರಿಯವರು ಸೀಸೆಯಲ್ಲಿ ತಂದು ನಮ್ಮಿಬ್ಬರ ತೋಟದಲ್ಲೂ ಬಿಟ್ಟರು. ಔಷಧಿ ಹೊಡೆಯಬೇಡಿ ಅಂದು ಹೋದರು. ಕೆಲವು ತಿಂಗಳಲ್ಲಿ ತೋಟ ಹಸಿರಾಯಿತು. ಆಮೇಲೆ ನೋಡಿದರೆ ಕುಡಿಗಳು ಮುರುಟಿಕೊಂಡು ಮತ್ತೆ ಬೆಳ್ಳಗೆ!

"ಅಕ್ಕಾ, ನಿನ್ನ ಕಣಜದ ಹುಳ ನಿದ್ದೆ ಹೊಡೀತಾ ಅವೆ" ಅಂದೆ.

ಅಕ್ಕ ಒಂದು ಕುಡಿ ಬಿಡಿಸಿ ತೋರಿಸಿದಳು. "ಇದು ಆ ತಿಗಣೆ ಅಲ್ಲ ಕಣ್ಲಾ, ಬ್ಯಾರೆ ಜಾತಿ ತಿಗಣೆ. ಇವೆರಡೂ ಸವ್ತೀರು. ಅವಳಿದ್ದಾಗ ಇವಳು ಮೂಲೇಲಿದ್ಲು. ಅವಳು ಹೋದ್ಲು, ಮನೆಯೆಲ್ಲ ಇವಳದೇ ಆಯ್ತು. ಕುಡಿ ಚಿವುಟಿ ಸುಟ್ಬುಡು, ಔಷಧಿ ಮುಟ್ಟಬ್ಯಾಡ."

"ನೀನು ಸವತಿ ಪುರಾಣ ಓದ್ಕೊಂಡಿರು."

"ಓದೋದೇನ್ಲಾ, ಬಾಳಿವ್ನಿ" ಅಂತ ನಕ್ಕಳು.

ಬೆಳ್ಳಗಿರುವುದೆಲ್ಲ ಒಂದೇ ಹುಳ ಎಂಬ ಹಟ ನನ್ನದು. ನನ್ನ ಮನೆಯಲ್ಲಿ ಆಗ ರೇಷ್ಮೆಹುಳ ಇರಲಿಲ್ಲ. ಅಕ್ಕ ಸಂತೆಗೆ ಹೋದ ದಿನ ಔಷಧಿ ಹೊಡೆದುಬಿಟ್ಟೆ. ಗಾಳಿ ಅವಳ ತೋಟದ ಕಡೆಗಿತ್ತು. ಅವಳ ರೇಷ್ಮೆಹುಳಗಳು, ಜ್ವರ ಅಂತ ನಾವು ಕರೆಯುವ ಕಡೆಯ ನಿದ್ದೆ ಮುಗಿಸಿ, ಪೊರೆ ಬಿಟ್ಟು, ಸೊಪ್ಪು ಮುಕ್ಕುವ ಹೊತ್ತು. ಆ ಸೊಪ್ಪು ತಿಂದು, ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ ಎಲ್ಲವೂ ಸತ್ತವು.

"ನೀನೇನಾದ್ರೂ ಹೊಡೆದ್ಯೇನ್ಲಾ?"

"ಇಲ್ಲ ಕಣಕ್ಕಾ" ಅಂದುಬಿಟ್ಟೆ.

ನಂಬಿದಳು. ರೋಗ ತನ್ನ ಮನೆಯದೇ ಎಂದುಕೊಂಡು ಬ್ಲೀಚಿಂಗ್ ಪುಡಿ ಕದಡಿ ಗೋಡೆ, ತಟ್ಟೆ ಎಲ್ಲವನ್ನೂ ತಿಕ್ಕಿದಳು, ಅಂಗೈ ಸುಲಿಯುವ ತನಕ. ನಾನು ಬೇಲಿಯವರೆಗೆ ಹೋಗುತ್ತಿದ್ದೆ, ತಿರುಗಿ ಬರುತ್ತಿದ್ದೆ, ಮತ್ತೆ ಹೋಗುತ್ತಿದ್ದೆ... ಹೇಳಲಿಲ್ಲ. ಅಲ್ಲಿಂದಾಚೆಗೆ ಅವಳು ಹುಳ ಸಾಕಲಿಲ್ಲ. "ನನ್ನ ಕೈಗೆ ಆಗಿಬರಲ್ಲ ಬುಡು" ಅನ್ನುತ್ತಿದ್ದಳು. ಹೋದ ವರ್ಷ ತೀರಿಕೊಂಡಳು.

ಈಗ ನನಗೆ ಒಂದು ಎಕರೆ ಸೊಪ್ಪಿದೆ, ಹುಳದ ಮನೆ ಒಂದು, ಬೋರ್‌ವೆಲ್ ಒಂದು, ಹಸು ಎರಡು. ಜೊತೆಗೆ, 'ಅಮ್ಮ ನಿನ್ನನ್ನೇ ನಂಬಿದ್ಲು, ನೀನೇ ಮಾಡ್ಕೊ ಮಾವ' ಅಂತ ಅಕ್ಕನ ಮಗಳು ಬಿಟ್ಟುಕೊಟ್ಟ ಅರ್ಧ ಎಕರೆ.