ಹಸಿದ ಪುಸ್ತಕ

ಲಿಂಗಸುಗೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯ ಪ್ರಕಾರ ಲೋಕದ ಎಲ್ಲ ತಾಪತ್ರಯಕ್ಕೂ ಕಾರಣ ಒಂದೇ. ಕೂಸು ಅತ್ತರೆ, ಮಲ್ಲಿಗೆ ಬಳ್ಳಿ ಬಾಡಿದರೆ, ಮಗ ಸಿಡುಕಿದರೆ, "ಹಸಿವಾಗೇತಿ, ಅಷ್ಟ" ಎನ್ನುತ್ತಿದ್ದರು.

ಕಣ್ಣು ಮಂಜಾದ ಮೇಲೆ ಅವರು ಓದುತ್ತಿದ್ದುದು ಮೊಮ್ಮಗಳು ಸಿಂಧನೂರಿನಿಂದ ತಂದುಕೊಟ್ಟ ಇ-ರೀಡರ್‌ನಲ್ಲಿ ಮಾತ್ರ. ಅದರಲ್ಲಿ ಅಕ್ಷರವನ್ನು ಅವರೆಕಾಳಿನಷ್ಟು ದೊಡ್ಡದು ಮಾಡಿಕೊಳ್ಳಬಹುದಿತ್ತು. ಪೂಜೆ ಮುಗಿದೊಡನೆ, ಹಿಂದೆಲ್ಲ ಪುಸ್ತಕಗಳಿಗೆ ಹಚ್ಚುತ್ತಿದ್ದಂತೆಯೇ, ಅದರ ಕೆಳಗಿನ ಅಂಚಿಗೂ ಒದ್ದೆ ಬೆರಳುಗಳಿಂದ ವಿಭೂತಿ ಎಳೆದು ಓದಲು ಕೂರುತ್ತಿದ್ದರು.

ಒಂದು ದಿನ ಅದು ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ನಾನು ವೈರು ಬದಲಿಸಿದೆ, ಅಡಾಪ್ಟರ್ ಬದಲಿಸಿದೆ. ಕೊನೆಗೆ, "ಬ್ಯಾಟರಿ ಸತ್ತೈತ್ರೀ" ಎಂದೆ.

ಅಜ್ಜಿ ಅದರ ಮೇಲೆ ಅಂಗೈಯಿಟ್ಟರು. "ಸತ್ತಿಲ್ಲ ತಮ್ಮಾ. ಹಸಿವಾಗೇತಿ, ಅಷ್ಟ."

ಇ-ರೀಡರ್‌ನ ಬೆನ್ನು ಬಿಚ್ಚುವ ಮೊದಲು ಚಾರ್ಜಿಂಗ್ ತೂತಿಗೆ ಟಾರ್ಚ್ ಹಿಡಿದೆ. ಒಳಗೆ ಬೆಳ್ಳಗೆ ಏನೋ ಗಟ್ಟಿಕಟ್ಟಿತ್ತು. ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದಾಗ ವಿಭೂತಿ ಉದುರಿತು. ವೈರು ಚುಚ್ಚಿದೆ, ದೀಪ ಹತ್ತಿತು.

ಹೇಳಲೋ ಬೇಡವೋ ಎಂದು ತಡವರಿಸಿ ಕಾರಣ ಹೇಳಿದೆ. ಅಜ್ಜಿ ತಮ್ಮ ಬೆರಳುಗಳನ್ನೇ ನೋಡುತ್ತ ಅಂದರು:

"ಇಬತ್ತಿ ಆದ್ರೇನು, ಉಣ್ಣೋ ಬಾಯಾಗ ಬಿದ್ರ ಬೂದೀನ."

ಮರುದಿನ ಹೋದಾಗ ಅವರು ಓದುತ್ತಿದ್ದರು. ಇ-ರೀಡರ್‌ನ ಅಂಚು ಸ್ವಚ್ಛವಾಗಿತ್ತು. ಚಾರ್ಜರ್ ನೇತುಬಿದ್ದಿದ್ದ ಸ್ವಿಚ್‌ಬೋರ್ಡಿನ ಮೇಲೆ, ಗೋಡೆಗೆ, ವಿಭೂತಿಯ ಮೂರು ಗೆರೆಗಳಿದ್ದವು. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಕಂಡು ಅಜ್ಜಿ ಕೇಳಿದರು:

"ಉಣಸೋರಿಗೆ ಹಚ್ಚಿದ್ರ ಅಡ್ಡಿಯಿಲ್ಲಲ್ಲ, ತಮ್ಮಾ?"