ದೊಡ್ಡ ಡ್ರಮ್ಮಿನವಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಡ್ರಮ್ಮಕ್ಕ ಎಂದೇ ಹೆಸರು. ಒಗೆದ ಹಾಸಿಗೆ ಬಟ್ಟೆಗಳ ಬುಟ್ಟಿಯನ್ನು ಗಲ್ಲದ ಮಟ್ಟಕ್ಕೆ ತುಂಬಿಕೊಂಡು, ಕಾಲು ಕಾಣದಿದ್ದರೂ ಒಂದೂ ಮೆಟ್ಟಿಲು ತಪ್ಪದೆ ಹತ್ತುತ್ತಾಳೆ. ಹೊಸಬರು ಬಾಯಿಬಿಟ್ಟುಕೊಂಡು ನೋಡಿದರೆ, "ಇದೇನು ಮಹಾ, ಹದಿನೇಳನೇ ವಯಸ್ಸಿಗೇ ಕಲ್ತಿದ್ದು," ಎನ್ನುತ್ತಾಳೆ.

ಆಗ ಶಾಲೆಯ ಹುಡುಗಿಯರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಅವಳ ಪಾಲಿಗೆ ಬಂದಿತ್ತು. ಮನೆಗೆ ನೀರು ಹೊತ್ತು ಹೊತ್ತು ಅವಳ ಭುಜಗಳು ಗಟ್ಟಿಯಾಗಿದ್ದವು. ನೀರು ಹೊತ್ತಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಡ್ರಮ್ ಹೊತ್ತಾಗ ಮೈದಾನವೇ ತಟ್ಟಿತು. ಪಟ್ಟಿ ಬಿಗಿದುಕೊಂಡರೆ ಡ್ರಮ್ ಎದೆಯಿಂದ ತೊಡೆಯವರೆಗೆ ಅಡ್ಡ ನಿಲ್ಲುತ್ತಿತ್ತು. ಮುಂದಿನ ನೆಲ ಕಾಣದು; ಅಕ್ಕಪಕ್ಕದವರನ್ನು ಕಣ್ಣಂಚಿನಲ್ಲೇ ಅಳೆದು ಸಾಲು ಕಾಯಬೇಕು.

ಅಂತಿಮ ಸ್ಪರ್ಧೆಯ ದಿನ, ತಿರುವಿನಲ್ಲಿ, ಹಿಂದೆ ಧೊಪ್ಪೆಂದು ಸದ್ದಾಯಿತು. ಬಿದ್ದವಳು ಕೊಳಲಿನವಳು, ಅವಳ ಜೀವದ ಗೆಳತಿ. ಕತ್ತು ತಿರುಗಲು ಹೊರಟಿತ್ತು. ಆದರೆ ಬ್ಯಾಂಡ್ ಮೇಷ್ಟ್ರು ಮೂರು ತಿಂಗಳು ಕಿವಿ ತೂತಾಗುವಂತೆ ಹೇಳಿದ್ದರು: "ಬಿದ್ದವಳು ನಿನ್ನ ಏಟು ಕೇಳ್ಕೊಂಡೇ ಎದ್ದು ಹೆಜ್ಜೆ ಸೇರ್ಬೇಕು. ನೀನೇ ನಿಂತ್ರೆ ಅವಳು ಏನು ಹಿಡ್ಕೊಂಡು ಏಳ್ತಾಳೆ?" ಅವಳು ಏಟು ನಿಲ್ಲಿಸಲಿಲ್ಲ. ಎಂಟು ಹೆಜ್ಜೆ ಕಳೆಯುವಷ್ಟರಲ್ಲಿ ಕೊಳಲು ಮತ್ತೆ ಕೇಳಿಸಿತು. ಎರಡನೇ ಬಹುಮಾನ ಬಂತು. ಕೊಳಲಿನವಳು ಮಂಡಿಯ ರಕ್ತವನ್ನೂ ಒರೆಸಿಕೊಳ್ಳದೆ ಟ್ರೋಫಿ ಹಿಡಿದು ಫೋಟೋಕ್ಕೆ ನಿಂತಳು.

ಮೂವತ್ತು ವರ್ಷದ ಮೇಲೆ, ಈಗ ಬೇಕರಿ ನಡೆಸುವ ಅದೇ ಕೊಳಲಿನವಳು ಹಳಬರನ್ನೆಲ್ಲ ಕೂಡಿಸಿದ್ದಳು. ನಲವತ್ತು ದಾಟಿದ ಹೆಂಗಸರ ಬ್ಯಾಂಡ್. ತಿಂಗಳ ಕೊನೆಗೆ ಸ್ಪರ್ಧೆ, ಭಾನುವಾರ ಬೆಳಿಗ್ಗೆ ಏಳಕ್ಕೆ ಅಭ್ಯಾಸ. ಮೊದಲ ಭಾನುವಾರ ಡ್ರಮ್ಮಕ್ಕ ಮೆಟ್ಟಿಲಿಳಿಯುತ್ತಿದ್ದಾಗ ಗಂಡ, "ಅಮ್ಮನ ಮಾತ್ರೆ ಎಲ್ಲಿ?" ಎಂದ. ಹಿಂದಿರುಗಿದಳು. ಮಾತ್ರೆ ಕೊಟ್ಟಳು, ಹಾಗೇ ಚಹಾ, ಹಾಗೇ ಪಾತ್ರೆ, ಹಾಗೇ ನೆಲ. ಹತ್ತು ಗಂಟೆಯಾಯಿತು.

"ನೋಡೇ, ಮುಂದಿನ ವಾರಾನೂ ಬರದಿದ್ರೆ ಡ್ರಮ್ ಬೇರೆಯವಳಿಗೆ," ಎಂದಳು ಕೊಳಲಿನವಳು ಫೋನಿನಲ್ಲಿ. "ಅವಳಿಗೆ ತಾಳ ಅನ್ನೋದು ಗೊತ್ತಿಲ್ಲ. ಆದ್ರೆ ಬರ್ತಾಳೆ."

ಎರಡನೇ ಭಾನುವಾರ ಮಾತ್ರೆಯನ್ನು ಅತ್ತೆಯ ಕೈಗೇ ಕೊಟ್ಟು, ಕುದಿಯಲು ಬಂದ ಹಾಲನ್ನು ಒಲೆಯ ಮೇಲೇ ಬಿಟ್ಟು, "ರೀ, ಹಾಲು ನೋಡ್ಕೊಳ್ಳಿ," ಎಂದು ಹೊರಟಳು. ಗಂಡ ಗಡಿಯಾರ ರಿಪೇರಿಯವನು. ಕೂದಲೆಳೆಯಂಥ ಸ್ಪ್ರಿಂಗ್ ನೆಲಕ್ಕೆ ಬಿದ್ದರೂ ಹುಡುಕಿ ತೆಗೆಯುವವನು. ಒಲೆಯ ಗುಂಡಿ ಮಾತ್ರ ಮದುವೆಯಾದಾಗಿನಿಂದ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ನಾಲ್ಕನೇ ಮೆಟ್ಟಿಲಲ್ಲಿ ಸೀದ ಹಾಲಿನ ವಾಸನೆ ಮೂಗಿಗೆ ಬಡಿಯಿತು.

"ಲೇ, ಹಾಲು ಉಕ್ಕಿಹೋಯ್ತು. ಬಾ ಇಲ್ಲಿ."

ಕತ್ತು ಅರ್ಧ ತಿರುಗಿತು. ಒಂದು ಕಾಲು ಆಗಲೇ ಮೇಲಿನ ಮೆಟ್ಟಿಲಿಗೆ ಎದ್ದಿತ್ತು. ಒಲೆ ಒರೆಸಲು ಹತ್ತು ನಿಮಿಷ. ಆ ಹತ್ತು ನಿಮಿಷ ಹೇಗೆ ಹತ್ತು ಗಂಟೆಯವರೆಗೆ ಎಳೆಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಿದ ಕಾಲನ್ನು ಕೆಳಗಿನ ಮೆಟ್ಟಿಲಿಗಿಟ್ಟಳು. ಎಡ. ಆಮೇಲೆ ಬಲ.

ಮೇಲಿನಿಂದ ಅತ್ತೆಯ ದನಿ ಕೇಳಿಸಿತು: "ಕೂಗೋಕೆ ಬಾಯಿದೆ, ಗ್ಯಾಸ್ ಆರಿಸೋಕೆ ಕೈ ಇಲ್ವೇನೋ? ಮೊದಲು ಆರಿಸು. ಅವಳು ಹೋಗ್ಲಿ ಬಿಡು."

ಮೈದಾನದಲ್ಲಿ ಡ್ರಮ್ಮಿನ ಪಟ್ಟಿಯನ್ನು ಎರಡು ತೂತು ಸಡಿಲಿಸಬೇಕಾಯಿತು.

"ಇಲ್ಲಿರೋದು ಡ್ರಮ್ ಒಂದಾ, ಎರಡಾ?" ಎಂದು ಕೊಳಲಿನವಳು ಅವಳ ಹೊಟ್ಟೆ ತಟ್ಟಿದಳು.

"ಎಲ್ಲಾ ನಿನ್ನ ಬೇಕರಿ ಕೃಪೆ ಕಣೇ," ಎಂದು ಡ್ರಮ್ಮಕ್ಕ ಮೊದಲ ಏಟು ಹಾಕಿದಳು. ಇಪ್ಪತ್ಮೂರು ಹೆಂಗಸರ ಎಡಗಾಲು ಒಟ್ಟಿಗೆ ಎದ್ದಿತು.

ಹನ್ನೊಂದಕ್ಕೆ ಮನೆಗೆ ಬಂದಾಗ ಗಂಡ, ಗಡಿಯಾರ ಒರೆಸುವ ಮೆತ್ತನೆಯ ಬಟ್ಟೆಯಿಂದ ಒಲೆ ಉಜ್ಜುತ್ತಿದ್ದ. ಬರ್ನರಿನ ಸುತ್ತ ಕಂದು ಕಲೆ ಹಾಗೇ ಇತ್ತು. ಅವಳ ಕೈ ತಾನಾಗಿ ಬಟ್ಟೆಯ ಕಡೆ ಹೋಯಿತು. ಹಿಂದಕ್ಕೆಳೆದುಕೊಂಡು ಕುರ್ಚಿಯಲ್ಲಿ ಕೂತಳು.

"ಮುಂದಿನ ವಾರಾನೂ ಇದೆಯಾ?"

"ಇದೆ. ಅದರ ಮುಂದಿನ ವಾರ ಸ್ಪರ್ಧೆ."

ಅವನು ಒಲೆಯ ಗುಂಡಿಯನ್ನು ಗಡಿಯಾರದ ಕೀಲಿಯಂತೆ ಮೆಲ್ಲಗೆ ತಿರುಗಿಸಿ ನೋಡಿದ. "ಸಣ್ಣ ಉರಿ ಅಂದ್ರೆ ಈ ಕಡೆಗಾ?"

"ಹೂಂ, ಆ ಕಡೆಗೇ," ಎಂದಳು ಅವಳು, ಕೂತಲ್ಲಿಂದಲೇ.