ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು

ಸೊಳ್ಳೆಗೆ ಬಿಡುವ ಹೊಗೆಯ ವಾಸನೆ ಬಂದರೆ ಇವತ್ತಿಗೂ ನನಗೆ ಕೈಕಾಲು ತಣ್ಣಗಾಗುತ್ತವೆ. ನಿಮಗೂ ಅಂಥ ವಾಸನೆಯೊಂದು ಇದ್ದೀತು. ಡೀಸೆಲ್ ಕಮಟಿನ ಆ ಬಿಳಿ ಹೊಗೆ ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲು ಹತ್ತಿ, ಬಾಗಿಲ ಸಂದಿಯಲ್ಲಿ ನುಗ್ಗಿ, ಅಮ್ಮನ ಒಗ್ಗರಣೆಯ ಘಮವನ್ನೂ ನುಂಗಿಬಿಡುತ್ತಿತ್ತು. ಆ ವರ್ಷ ಮಳೆ ನಿಂತ ಮೇಲೆ ನಮ್ಮ ಬ್ಲಾಕಿನ ತುಂಬ ಡೆಂಗಿ. ನಮ್ಮ ಮನೆಯಲ್ಲಿ ಅಕ್ಕ ಮಲಗಿದಳು. ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಅವಳಿಗೆ ನನ್ನ ಬಾಯಿ ಮುಚ್ಚಿಸಲು ಗೊತ್ತಿದ್ದ ಉಪಾಯ ಒಂದೇ, ದೊಡ್ಡದೊಂದು ಸಂಖ್ಯೆ ಕೊಟ್ಟು ಕೂರಿಸುವುದು. ಜ್ವರದಲ್ಲೂ ಅದನ್ನು ಬಿಡಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಸಾಲಾಗಿ ಏಳು ಒಂದುಗಳನ್ನು ಬರೆದು, "ಇದನ್ನ ಒಡಿ ನೋಡೋಣ, ಶೇಷ ಉಳೀದ ಹಾಗೆ ಭಾಗ ಮಾಡು. ಕ್ಯಾಲ್ಕುಲೇಟರ್ ಮುಟ್ಟಬಾರದು, ಅಚ್ಛಾ?" ಎಂದಳು.

ನನಗಾಗ ಹತ್ತು ವರ್ಷ. ಎರಡು, ಮೂರು, ಐದು, ಏಳು ಎಂದು ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದೆ. ಅದು ಯಾವುದಕ್ಕೂ ಬಗ್ಗಲಿಲ್ಲ, ಪ್ರತಿ ಸಲವೂ ಏನಾದರೂ ಶೇಷ ಉಳಿಯುತ್ತಿತ್ತು. ಅಷ್ಟರಲ್ಲಿ ಅಕ್ಕನ ಒಸಡಿನಲ್ಲಿ ರಕ್ತ ಕಾಣಿಸಿತು. ಅಪ್ಪ ಆಫೀಸಿಗೆ ಹೋಗುವುದನ್ನು ಬಿಟ್ಟರು. ಅಮ್ಮ ನಲ್ಲಿ ಬಿಟ್ಟುಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದಳು. ನನಗೆ ಯಾರೂ ಏನೂ ಹೇಳಲಿಲ್ಲ. ಹೆದರಿಕೆ ತಡೆಯಲಾರದೆ ನಾನೇ ಒಂದು ಶಕುನ ಕಟ್ಟಿಕೊಂಡೆ: ಈ ಸಂಖ್ಯೆ ಒಡೆಯದಿದ್ದರೆ ಅಕ್ಕ ಬದುಕುತ್ತಾಳೆ. ಆಮೇಲೆ ಭಾಗಿಸಲು ಭಯ, ಅರ್ಧಕ್ಕೆ ಬಿಟ್ಟುಬಿಡಲು ಇನ್ನೂ ಭಯ. ಇನ್ನೂರ ಮೂವತ್ತಮೂರರಿಂದ ಭಾಗಿಸಿದಾಗ ಶೇಷ ಬಂತು, ಉಸಿರು ಬಿಟ್ಟೆ. ಇನ್ನೂರ ಮೂವತ್ತೊಂಬತ್ತರಿಂದ ಭಾಗಿಸಿದೆ. ಸೊನ್ನೆ. ಇನ್ನೊಮ್ಮೆ ಮಾಡಿದೆ. ಸೊನ್ನೆಯೇ.

ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಲು ಅಪ್ಪ ಆಟೋ ತಂದರು. ಅಮ್ಮನ ಹೆಗಲಿಗೆ ಒರಗಿ ಬಾಗಿಲಲ್ಲಿ ನಿಂತಿದ್ದ ಅಕ್ಕನ ದುಪಟ್ಟಾ ಹಿಡಿದು ಅತ್ತುಬಿಟ್ಟೆ. "ಅಕ್ಕಾ, ಅದು ಒಡೆದುಹೋಯ್ತು. ಒಡೆದ್ರೆ ನೀನು ವಾಪಸ್ ಬರಲ್ಲ ಅಂದ್ಕೊಂಡಿದ್ದೆ."

ಅಕ್ಕ ಹಾಳೆ ನೋಡಿ ನಕ್ಕಳು. ಹಲ್ಲಿನ ಅಂಚೆಲ್ಲ ಕೆಂಪಾಗಿತ್ತು. "ಪಾಗಲ್, ಒಡೆದ್ರೆ ಮುಗೀತು ಅಂತಲ್ಲ ಕಣೆ. ಒಳಗೆ ಇನ್ನೆರಡು ಇದ್ವು, ನೋಡು. ಇನ್ನೂರ ಮೂವತ್ತೊಂಬತ್ತು ನಿಂದು. ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು ನಂದು. ಇವನ್ನ ಯಾರೂ ಒಡೆಯಕ್ಕಾಗಲ್ಲ. ಬೇಕಾದ್ರೆ ನಂದನ್ನ ನೀನೇ ಭಾಗಿಸಿ ಇಟ್ಟಿರು, ಬಂದು ನೋಡ್ತೀನಿ."

ಅವಳು ಬರಲಿಲ್ಲ. ಅಪ್ಪ ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಆ ಕ್ವಾರ್ಟರ್ಸನ್ನೂ ಕೆಡವಿದ್ದಾರೆ, ಈಗ ಅಲ್ಲಿ ತಗಡಿನ ಬೇಲಿ ಇದೆ. ಕೆಲಸದ ನೆಪದಲ್ಲಿ ದೆಹಲಿಗೇ ಮರಳಿದ ನಾನು ಜನಕಪುರಿಯಲ್ಲಿದ್ದೇನೆ. ಹೊಗೆಯ ಗಾಡಿ ಬೀದಿಗೆ ಬಂದ ದಿನ ಕಿಟಕಿ ಮುಚ್ಚಿ, ಅಕ್ಕನ ಸಂಖ್ಯೆಯನ್ನು ಬರೆದುಕೊಂಡು ಕೂರುತ್ತೇನೆ. ಒಡೆಯುವುದಿಲ್ಲವೆಂದು ಚೆನ್ನಾಗಿ ಗೊತ್ತು, ಆದರೂ ಒಂದೊಂದು ಶೇಷವನ್ನೂ ಎರಡೆರಡು ಸಲ ನೋಡುತ್ತೇನೆ. ಅರವತ್ತೇಳರ ತನಕ ಭಾಗಿಸಿ ನೋಡಿದರೆ ಸಾಕು, ಮುಂದಿನ ಅವಿಭಾಜ್ಯವನ್ನು ಅದರಿಂದಲೇ ಗುಣಿಸಿದರೆ ಅಕ್ಕನ ಸಂಖ್ಯೆಯನ್ನೇ ದಾಟುತ್ತದೆ, ಅಲ್ಲಿಗೆ ಲೆಕ್ಕ ಮುಗಿಯಿತು. ಆ ಕಾಗದವನ್ನು ಮಾತ್ರ ಎಸೆಯುವುದಿಲ್ಲ. ಬಂದು ನೋಡ್ತೀನಿ ಎಂದಿದ್ದಳು.